ಪುಟ್ಟ ನಾಯಿ ಗಡಗಡ ನಡುಗುತ್ತೆ: ಚಳಿಯಾ, ಜ್ವರವಾ, ಬೇರೆ ಎಂತದಾದ್ರೂ ಇದೆಯಾ?

ಮುಂಗಾರು ತೀರ್ಥಹಳ್ಳಿ
ಮಿನಿಯೇಚರ್ ಪಿನ್ಷರ್, ಗಂಡು, ಎರಡು ವರ್ಷ, ತೂಕ 3 ಕೆ.ಜಿ. 200 ಗ್ರಾಂ. ಮಳೆ ಹಿಡಿದು ಹತ್ತು ದಿನ ಆಯ್ತು. ಬೆಳಿಗ್ಗೆ ಎದ್ದ ಕೂಡಲೇ ಮತ್ತು ಸಂಜೆ ದೀಪ ಹಚ್ಚೋ ಹೊತ್ತಿಗೆ ಗಡಗಡ ನಡುಗುತ್ತೆ. ಊಟ ಬಿಟ್ಟಿಲ್ಲ, ವಾಂತಿ ಭೇದಿ ಇಲ್ಲ, ಕರೆದರೆ ಬಾಲ ಆಡಿಸ್ಕೊಂಡು ಬರುತ್ತೆ. ಮಲಗೋದು ಜಗಲಿ ಮೂಲೆಯಲ್ಲಿ, ನೆಲದ ಮೇಲೆ ಒಂದು ಗೋಣಿಚೀಲ. ಪಕ್ಕದಲ್ಲೇ ಮಲಗೋ ನಾಟಿ ನಾಯಿಗೆ ಏನೂ ಇಲ್ಲ. ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು: ಸ್ವೆಟರ್ ಹಾಕಿ, ಬ್ರಾಂದಿ ಒಂದು ಚಮಚ ಕುಡಿಸಿ, ಬಚ್ಚಲ ಒಲೆ ಹತ್ರ ಕಟ್ಟಿ, ಅಭ್ಯಾಸ ಆಗುತ್ತೆ ಬಿಡಿ. ಯಾವುದು ಸರಿ? ಯಾವಾಗ ಡಾಕ್ಟ್ರ ಹತ್ರ ಓಡಬೇಕು?

ಸೊರಬದ ಜಗಲಿ
ಬ್ರಾಂದಿ ಮಾತ್ರ ಬೇಡ ಮಾರಾಯ್ರೆ. ಅದು ಹೊಟ್ಟೆಗೆ ಬಿದ್ದರೆ ಚರ್ಮದಡಿಯ ರಕ್ತನಾಳ ಹಿಗ್ಗುತ್ತವೆ. ಮುಟ್ಟಿದವರಿಗೆ ಮೈ ಬೆಚ್ಚಗಾದ ಹಾಗೆ ಅನ್ಸುತ್ತೆ, ಆದರೆ ಒಳಗಿದ್ದ ಶಾಖ ಹೊರಗೆ ಹರಿದುಹೋಗಿ ನಾಯಿ ಇನ್ನೂ ತಣ್ಣಗಾಗುತ್ತೆ. ರಕ್ತದ ಸಕ್ಕರೆಯೂ ಇಳಿಯುತ್ತೆ. ಮೂರು ಕೆ.ಜಿ. ಪ್ರಾಣಿಗೆ ಒಂದು ಚಮಚ ಸಣ್ಣ ಅಳತೆ ಅಲ್ಲ.

ನಾಲ್ಕು ಕಾಲು
ಯಾಕೆ ಅನ್ನೋದನ್ನ ಮೊದಲು ನೋಡೋಣ. ಬಚ್ಚಲ ಹಂಡೆಯಲ್ಲಿ ಕಾದ ನೀರು ಒಲೆ ಆರಿದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತೆ. ಅದೇ ನೀರನ್ನ ಒಂದು ಲೋಟಕ್ಕೆ ತೋಡಿಟ್ಟರೆ ನೋಡ್ತಾ ನೋಡ್ತಾ ತಣ್ಣಗಾಗುತ್ತೆ. ದೊಡ್ಡ ನಾಯಿ ಹಂಡೆ, ಚಿಕ್ಕ ನಾಯಿ ಲೋಟ. ತೂಕಕ್ಕೆ ಹೋಲಿಸಿದರೆ ಚಿಕ್ಕದರ ಚರ್ಮದ ಹರವು ಜಾಸ್ತಿ, ಶಾಖ ಸೋರೋದಕ್ಕೆ ಬಾಗಿಲು ಜಾಸ್ತಿ.

ಲೆಕ್ಕದಲ್ಲಿ ನೋಡಿದರೂ ಹಾಗೇ. ಸುಮ್ಮನೆ ಮಲಗಿದ್ದಾಗ ಬೇಕಾಗೋ ಶಕ್ತಿಯ ಅಂದಾಜಿಗೆ ಪಶುವೈದ್ಯರು ಬಳಸೋ ಸೂತ್ರದಲ್ಲಿ 3 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 160 ಕಿಲೊಕ್ಯಾಲರಿ ಬೇಕು, 30 ಕೆ.ಜಿ. ನಾಯಿಗೆ ಸುಮಾರು 900. ಕೆ.ಜಿ. ಲೆಕ್ಕಕ್ಕೆ ಇಳಿಸಿ: ಚಿಕ್ಕದಕ್ಕೆ 53, ದೊಡ್ಡದಕ್ಕೆ 30. ಚಿಕ್ಕ ನಾಯಿ ಪ್ರತಿ ಕೆ.ಜಿ.ಗೂ ಹತ್ತಿರ ಹತ್ತಿರ ಎರಡು ಪಾಲು ಉರಿಸ್ತಾ ಇರುತ್ತೆ, ಆದರೆ ಕೂಡಿಟ್ಟ ಕೊಬ್ಬು ಕಡಿಮೆ.

ಇದರ ಮೇಲೆ ಕೂದಲು. ಮಿನಿಯೇಚರ್ ಪಿನ್ಷರ್, ನುಣುಪು ಕೂದಲಿನ ಚಿಹುವಾಹುವಾ, ಇಟಾಲಿಯನ್ ಗ್ರೇಹೌಂಡ್, ಇವಕ್ಕೆ ಒಳಗೂದಲಿನ ಹೊದಿಕೆ ಇಲ್ಲ ಅನ್ನೋಷ್ಟು ತೆಳು. ಪೊಮೆರೇನಿಯನ್‌ಗೆ ದಟ್ಟ ಒಳಗೂದಲಿದೆ, ಅದಕ್ಕೆ ಅಷ್ಟು ಸುಲಭಕ್ಕೆ ಚಳಿ ಆಗಲ್ಲ. ಡ್ಯಾಶ್‌ಹುಂಡ್‌ದು ಬೇರೆ ಕಷ್ಟ: ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು ಮೇಲೆ, ಅಂಗಳದಲ್ಲಿ ಒಂದು ಸುತ್ತು ಬಂದರೆ ಹೊಟ್ಟೆಯಡಿ ಪೂರ್ತಿ ತೊಪ್ಪೆ.

ನಡುಕ ಅಂದ್ರೆ ಸ್ನಾಯುಗಳು ಬೇಗ ಬೇಗ ಬಿಗಿದು ಸಡಿಲಾಗಿ ಶಾಖ ಹುಟ್ಟಿಸೋದು. ಮೈ ತಾನೇ ಒಲೆ ಹಚ್ಚಿಕೊಂಡಿದೆ ಅಂತ ತಿಳ್ಕೊಳ್ಳಿ. ಹಾಗಾಗಿ ನಡುಕಕ್ಕಿಂತ ಹೆಚ್ಚು ಹೆದರಬೇಕಾದ್ದು, ತಣ್ಣಗೆ ಒದ್ದೆಯಾದ ನಾಯಿ ನಡುಗೋದನ್ನ ನಿಲ್ಲಿಸಿ ಮಂಕಾಗಿ ಮಲಗಿದಾಗ.

ಶರಾವತಿ ಹಿನ್ನೀರು
ಇಷ್ಟೆಲ್ಲ ಬೇಕಾ? ನಾಟಿ ನಾಯಿ ಮಳೆಯಲ್ಲೇ ಹುಟ್ಟಿ ಮಳೆಯಲ್ಲೇ ಬೆಳೆಯುತ್ತೆ. ಸ್ವೆಟರ್ ಗಿಟ್ಟರ್ ಅಂತ ಮುದ್ದು ಮಾಡಿದಷ್ಟೂ ಸೂಕ್ಷ್ಮ ಆಗುತ್ತೆ.

ನಾಲ್ಕು ಕಾಲು
ಹಿನ್ನೀರು ಅಣ್ಣ, ನಾಟಿ ನಾಯಿ ಅಂದ್ರೆ 15-18 ಕೆ.ಜಿ., ಮೇಲೆ ಒರಟು ಕೂದಲು, ಮಳೆ ಬಂದರೆ ಕೊಟ್ಟಿಗೆ ಹುಲ್ಲಲ್ಲಿ ಹೊಕ್ಕು ಸುರುಳಿ ಸುತ್ಕೊಳ್ಳೋ ಸ್ವಾತಂತ್ರ್ಯ. 3 ಕೆ.ಜಿ. ನಾಯಿಯನ್ನ ಅದಕ್ಕೆ ಹೋಲಿಸೋದು ಸರಿಯಲ್ಲ. ಇನ್ನು ನಾಟಿ ಮರಿಗಳು ಥಂಡಿಗೆ ಸಾಯಲ್ಲ ಅನ್ನೋದೂ ಸುಳ್ಳು. ಹುಟ್ಟಿದ ಮೊದಲ ವಾರದ ಮರಿಗೆ ನಡುಗೋ ಶಕ್ತಿಯೇ ಇರಲ್ಲ, ತಾಯಿ ಮೈ ಬಿಸಿಯೇ ಅದರ ಒಲೆ. ಉಳಿದವು ಮಾತ್ರ ನಮ್ಮ ಕಣ್ಣಿಗೆ ಬೀಳ್ತವೆ.

ಮುಧೋಳ ನಾಯಿಯನ್ನೇ ನೋಡಿ, ದೊಡ್ಡದೇ, ಗಟ್ಟಿಮುಟ್ಟೇ, ಆದರೆ ಕೊಬ್ಬಿಲ್ಲ, ಕೂದಲು ಗಿಡ್ಡ. ಬಾಗಲಕೋಟೆ ಬಿಸಿಲಿಗೆ ಹೇಳಿ ಮಾಡಿಸಿದ ಮೈ. ಆಗುಂಬೆ ಕಡೆ ತಂದು ಜಗಲಿಯಲ್ಲಿ ಕಟ್ಟಿದರೆ ಅದೂ ನಡುಗುತ್ತೆ.

ಹಸಿರು ಬೇಲಿ
ತೀರ್ಥಹಳ್ಳಿಯವರೆ, ಜ್ವರ ನೋಡಿದ್ರಾ? ಮೂಗು ಒಣಗಿದೆ, ಕಿವಿ ಬಿಸಿ ಇದೆ ಅನ್ನೋದೆಲ್ಲ ಲೆಕ್ಕಕ್ಕಿಲ್ಲ. ಥರ್ಮಾಮೀಟರೇ ಬೇಕು. ಮನುಷ್ಯರ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನ ನಾಯಿಗೇ ಅಂತ ಬೇರೆ ಇಡಿ. ತುದಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿ, ಒಬ್ಬರು ನಾಯಿಯ ತಲೆ ಮತ್ತು ಹೊಟ್ಟೆ ಕೆಳಗೆ ಹಿಡ್ಕೊಳ್ಳಿ, ಇನ್ನೊಬ್ಬರು ಬಾಲ ಎತ್ತಿ ಗುದದೊಳಗೆ 2 ಸೆಂಟಿಮೀಟರಿನಷ್ಟು ಮಾತ್ರ ಒಳಗಿಟ್ಟು, ಬೀಪ್ ಅನ್ನೋ ತನಕ ಬಾಲದ ಬುಡವನ್ನೂ ಥರ್ಮಾಮೀಟರನ್ನೂ ಒಟ್ಟಿಗೆ ಹಿಡ್ಕೊಳ್ಳಿ. ನಾಯಿ ಹಂದಾಡಿದರೂ ಒಳಗೆ ಚುಚ್ಚಲ್ಲ.

38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಫ್ಯಾರನ್‌ಹೀಟಲ್ಲಿ 101ರಿಂದ 102.5. ನಮ್ಮ 98.6 ನಾಯಿಗೆ ಥಂಡಿ ಲೆಕ್ಕ. 39.5 ದಾಟಿ ನಡುಗ್ತಾ ಇದ್ರೆ ಜ್ವರದ ನಡುಕ, ಆಗ ಸ್ವೆಟರ್ ಹಾಕಿ ಬಿಸಿ ಮಾಡೋದು ತಪ್ಪು. 37ರ ಕೆಳಗೆ ಇಳಿದಿದ್ರೆ ಈಗಲೇ ಕಾಯಿಸೋಕೆ ಶುರು ಮಾಡಿ ಡಾಕ್ಟ್ರಿಗೆ ಫೋನ್ ಮಾಡಿ. ಒಳಮೈ 32ರ ಆಸುಪಾಸಿಗೆ ಇಳಿದರೆ ನಡುಕವೇ ನಿಂತುಹೋಗುತ್ತೆ, ಅದು ಪ್ರಾಣದ ಪ್ರಶ್ನೆ.

ಮುಂಗಾರು ತೀರ್ಥಹಳ್ಳಿ
ನೋಡಿದೆ. ಬೆಳಿಗ್ಗೆ ಆರಕ್ಕೆ, ನಡುಗ್ತಾ ಇರುವಾಗ 37.7. ಹೊಟ್ಟೆ ಕೆಳಗೆ ಮುಟ್ಟಿದರೆ ಗೋಣಿಚೀಲವೂ ಹಸಿ, ಕೂದಲೂ ಹಸಿ. ಮಧ್ಯಾಹ್ನ ಊಟ ಆದ ಮೇಲೆ 38.5, ಆಗ ನಡುಕ ಇಲ್ಲ.

ಹಸಿರು ಬೇಲಿ
ಉತ್ತರ ಅಲ್ಲೇ ಇದೆ. ಹಾಸಿಗೆ ಹಸಿ.

ನಾಲ್ಕು ಕಾಲು
ಹೌದು. ಒಣಗಾಳಿಗಿಂತ ನೀರು 25 ಪಟ್ಟು ಬೇಗ ಶಾಖ ಎಳೆಯುತ್ತೆ. ನಮ್ಮ ಮಳೆಗಾಲದಲ್ಲಿ ಅಂಥ ಕೊರೆಯೋ ಚಳಿ ಏನೂ ಇರಲ್ಲ, ಇಪ್ಪತ್ತು ಇಪ್ಪತ್ತೆರಡು ಡಿಗ್ರಿ ಇರುತ್ತೆ. ಆದರೂ ನಾಯಿ ನಡುಗೋದು ಈ ಹಸಿಗೆ. ಗಾಳಿಯಲ್ಲೇ ನೀರು ತುಂಬಿರೋದ್ರಿಂದ ಒದ್ದೆ ಕೂದಲು ತಾನಾಗಿ ಒಣಗಲ್ಲ. ಸಿಮೆಂಟು ನೆಲ, ಕಾವಿ ನೆಲ ಬೆವರುತ್ತೆ, ಆ ಬೆವರನ್ನ ಗೋಣಿಚೀಲ ಹೀರ್ಕೊಳ್ಳುತ್ತೆ. ರಾತ್ರಿಯಿಡೀ ಒದ್ದೆ ಬಟ್ಟೆ ಮೇಲೆ ಮಲಗಿದ ಹಾಗೆ.

ಹಾಸಿಗೆ ಹೀಗೆ ಮಾಡಿ. ನೆಲದಿಂದ ಅರ್ಧ ಅಡಿ ಎತ್ತರ ಒಂದು ಹಲಗೆ, ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟರೂ ಆಯ್ತು. ಗಾಳಿ ಅಡಿಯಲ್ಲಿ ಆಡಬೇಕು. ಹಲಗೆ ಮೇಲೆ ಒಣ ಗೋಣಿ ಎರಡು ಮಡಿಕೆ, ಅದರ ಮೇಲೆ ಕಂಬಳಿ. ಕಂಬಳಿ ಸ್ವಲ್ಪ ಹಸಿಯಾದರೂ ಬಿಸಿ ಹಿಡಿಯುತ್ತೆ, ಹತ್ತಿ ಬಟ್ಟೆ ಹಸಿಯಾದರೆ ಥಂಡಿಯೇ. ಮೂರು ಕಡೆ ತಡೆ ಇರಲಿ, ರಟ್ಟಿನ ಡಬ್ಬಿ ಅಡ್ಡ ಮಲಗಿಸಿದರೂ ಸಾಕು, ಬಾಗಿಲು ಪಡುವಣ ಗಾಳಿಗೆ ಬೆನ್ನಾಗಿರಲಿ. ಡಬ್ಬಿ ದೊಡ್ಡದು ಬೇಡ. ನಾಯಿ ಎದ್ದು ಒಂದು ಸುತ್ತು ತಿರುಗಿ ಸುರುಳಿ ಸುತ್ಕೊಳ್ಳೋಷ್ಟು ಜಾಗ ಇದ್ದರೆ ಅದರ ಮೈ ಶಾಖವೇ ಡಬ್ಬಿ ತುಂಬುತ್ತೆ.

ಕಾಫಿ ಕಣ ಕೊಪ್ಪ
ಭತ್ತದ ಹುಲ್ಲು ಹಾಕಿದರೆ ಇನ್ನೂ ಬೆಚ್ಚಗೆ.

ಹಸಿರು ಬೇಲಿ
ಒಣಗಿದ ಹುಲ್ಲು ಬೆಚ್ಚಗೆ, ಸರಿ. ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತೆ, ಮತ್ತೆ ಕೆಮ್ಮು, ತುರಿ. ಹಾಕಿದರೆ ದಿನ ಬಿಟ್ಟು ದಿನ ಬದಲಾಯಿಸಿ. ಅಡಿಕೆ ಸಿಪ್ಪೆ ಮಾತ್ರ ಹಾಸಬೇಡಿ, ಕಚ್ತವೆ, ನುಂಗ್ತವೆ.

ವರದಾ ದಂಡೆ
ಒರೆಸೋದರ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲರೂ ಬೆನ್ನು ಒರೆಸಿ ಬಿಡ್ತಾರೆ. ಬೆನ್ನು ಹೇಗೂ ಕೊಡವಿಕೊಂಡು ಅರ್ಧ ಒಣಗಿರುತ್ತೆ. ಒದ್ದೆ ಉಳಿಯೋದು ಹೊಟ್ಟೆಯಡಿ, ಕಂಕುಳು, ತೊಡೆ ಸಂದಿ, ಬೆರಳ ಸಂದಿ, ಕಿವಿಯ ಹಿಂದೆ. ಹಳೇ ಪಂಚೆ ಎರಡು ಇಟ್ಕೊಳ್ಳಿ. ಮೊದಲನೇದರಲ್ಲಿ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಎರಡನೇದರಲ್ಲಿ ಕೂದಲಿನ ವಿರುದ್ಧ ದಿಕ್ಕಿಗೆ ಮೆಲ್ಲಗೆ ಒರೆಸಿ. ಹೇರ್ ಡ್ರೈಯರ್ ಇದ್ದರೆ ಅತಿ ಕಡಿಮೆ ಬಿಸಿ, ಒಂದು ಅಡಿ ದೂರ, ನಿಮ್ಮ ಅಂಗೈ ನಡುವೆ ಇಟ್ಕೊಂಡು. ಅಂಗೈಗೆ ಚುರುಕ್ ಅಂದರೆ ನಾಯಿಗೂ ಸುಡ್ತಿದೆ. ಪೊಮೆರೇನಿಯನ್, ಶಿಟ್ಜು, ಲಾಸಾ ಇರೋರು ಬುಡದವರೆಗೂ ಕೂದಲು ಬಿಡಿಸಿ ಒಣಗಿಸಲೇಬೇಕು. ಮೇಲೆ ಒಣಗಿ ಬುಡ ಹಸಿ ಉಳಿದರೆ ನಾಲ್ಕು ದಿನಕ್ಕೆ ಚರ್ಮ ಕೆಂಪಾಗಿ ಕೀವಾಡುತ್ತೆ.

ಮಳೆಗಾಲದಲ್ಲಿ ಗಂಟು ಬೀಳುತ್ತೆ ಅಂತ ಪೊಮೆರೇನಿಯನ್ ಬೋಳಿಸೋರಿದ್ದಾರೆ. ದಯವಿಟ್ಟು ಬೇಡ. ಆ ಒಳಗೂದಲು ಎಷ್ಟೋ ಸಲ ಮತ್ತೆ ಸರಿಯಾಗಿ ಬರೋದೇ ಇಲ್ಲ, ತೇಪೆ ತೇಪೆ ಉಳಿಯುತ್ತೆ. ಆಗ ನಿಜವಾಗಲೂ ನಡುಗುತ್ತೆ.

ಶರಾವತಿ ಹಿನ್ನೀರು
ಒರೆಸಿ ಬಚ್ಚಲ ಒಲೆ ಹತ್ರ ಬಿಟ್ಟರೆ ಎಲ್ಲ ಮುಗೀತಲ್ಲ. ನಮ್ಮ ಕಡೆ ಮನೆ ನಾಯಿ ಬೆಕ್ಕು ಎಲ್ಲ ಅಲ್ಲೇ.

ಸೊರಬದ ಜಗಲಿ
ಬಿಟ್ಟರೆ ಸರಿ, ಕಟ್ಟಿದರೆ ತಪ್ಪು. ಬಿಸಿ ಜಾಸ್ತಿ ಆದಾಗ ಎದ್ದು ದೂರ ಹೋಗೋಕೆ ಆಗಬೇಕು. ಚಳಿ ಆದ ನಾಯಿ ಒಲೆಗೆ ಆತು ಮಲಗಿ ಪಕ್ಕೆ ಸುಟ್ಟುಕೊಳ್ಳುತ್ತೆ, ತಣ್ಣಗಾದ ಚರ್ಮಕ್ಕೆ ಬೇಗ ಗೊತ್ತಾಗಲ್ಲ. ಇನ್ನೊಂದು: ಕೋಣೆ ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ಇಡಬೇಡಿ. ಬಚ್ಚಲಿನ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತೆ, ತಾರಸಿ ಮನೆಯ ಕೋಣೆಯಲ್ಲಿ ಹೋಗಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಾಯಿಗಷ್ಟೇ ಅಲ್ಲ, ಕೋಣೇಲಿ ಮಲಗಿದವರಿಗೂ ಅದು ಸಾವು.

ಹಸಿರು ಬೇಲಿ
ಬಿಸಿನೀರ ಬಾಟಲಿ ಇಡೋರಿಗೆ: ಕುದಿಯೋ ನೀರು ಬೇಡ, ಕೈ ಅದ್ದಿದರೆ ಹಿತ ಅನ್ನೋ ನೀರು. ಬಾಟಲಿಗೆ ದಪ್ಪ ಟವೆಲ್ ಸುತ್ತಿ, ನಾಯಿಯ ಎದೆ ಹೊಟ್ಟೆ ಪಕ್ಕ ಇಡಿ. ಕಾಲು ಕಾಯಿಸೋದರಿಂದ ಶುರು ಮಾಡಬೇಡಿ, ಕಾಲಿನ ತಣ್ಣನೆ ರಕ್ತ ಒಮ್ಮೆಗೇ ಎದೆಗೆ ನುಗ್ಗುತ್ತೆ. ಗಂಟೆಗೆ ಒಂದು ಡಿಗ್ರಿ ಏರಿದರೆ ಸಾಕು, 38 ಮುಟ್ಟಿದ ಮೇಲೆ ಬಾಟಲಿ ತೆಗೆದು ಕಂಬಳಿ ಮಾತ್ರ. ಅರ್ಧ ಗಂಟೆಗೊಮ್ಮೆ ಬಾಟಲಿ ಮುಟ್ಟಿ ನೋಡಿ. ತಣ್ಣಗಾದ ಬಾಟಲಿ ನಾಯಿಯ ಬಿಸಿಯನ್ನೇ ಎಳೆಯುತ್ತೆ.

ಚಿಕ್ಕ ಬಾಲ ಶಿವಮೊಗ್ಗ
ಒಂದು ಸಂಬಂಧಪಟ್ಟ ಪ್ರಶ್ನೆ. ಎರಡು ತಿಂಗಳ ಚಿಹುವಾಹುವಾ ಮರಿ, 600 ಗ್ರಾಂ. ಬೆಳಗಿನ ಜಾವ ನಡುಗಿ ತೂರಾಡುತ್ತೆ, ಹಾಲು ಕೊಟ್ಟ ಸ್ವಲ್ಪ ಹೊತ್ತಿಗೆ ಸರಿಯಾಗುತ್ತೆ. ಇದೂ ಥಂಡಿನಾ?

ನಾಲ್ಕು ಕಾಲು
ಅಲ್ಲ! ಇದು ಬಹುಮಟ್ಟಿಗೆ ಸಕ್ಕರೆ ಇಳಿದಿರೋದು. ತಡ ಮಾಡಬೇಡಿ ಅಕ್ಕ. ಅಷ್ಟು ಚಿಕ್ಕ ಮರಿಯ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕೆಲವೇ ಗಂಟೆಗೆ ಮುಗಿಯುತ್ತೆ. ರಾತ್ರಿ ಎಂಟಕ್ಕೆ ತಿಂದು ಬೆಳಿಗ್ಗೆ ಆರರ ತನಕ ಹೊಟ್ಟೆ ಖಾಲಿ ಇದ್ದರೆ ನಡುಕ, ತೂರಾಟ, ಆಮೇಲೆ ಫಿಟ್ಸ್.

ಈಗ ಮಾಡಬೇಕಾದ್ದು: ಮರಿಗೆ ಪ್ರಜ್ಞೆ ಇದ್ದು ನುಂಗೋಕೆ ಆದರೆ ಜೇನುತುಪ್ಪ ಅಥವಾ ಗ್ಲೂಕೋಸ್ ಪುಡಿ ಕಲಸಿದ ದಪ್ಪ ನೀರು ಅರ್ಧ ಟೀ ಚಮಚ ನೆಕ್ಕಿಸಿ. ಪ್ರಜ್ಞೆ ಮಂಕಿದ್ದರೆ ಬಾಯಿಗೆ ಸುರಿಯಲೇಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಬೆರಳಿಗೆ ಜೇನು ಸವರಿ ವಸಡಿಗೆ ಉಜ್ಜಿ, ಅಲ್ಲಿಂದಲೇ ಒಂದಿಷ್ಟು ಹೀರಿಕೆಯಾಗುತ್ತೆ. ಐದು ಹತ್ತು ನಿಮಿಷಕ್ಕೆ ಚೇತರಿಸಿಕೊಂಡರೆ ಕೂಡಲೇ ಊಟ ಕೊಡಿ, ಬರೀ ಸಕ್ಕರೆ ಕೊಟ್ಟು ಬಿಟ್ಟರೆ ಮತ್ತೆ ಇಳಿಯುತ್ತೆ. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಿ, ರಕ್ತದ ಸಕ್ಕರೆ 60 ಮಿ.ಗ್ರಾಂ.ಗಿಂತ ಕೆಳಗಿದ್ದರೆ ಡ್ರಿಪ್ ಬೇಕಾಗಬಹುದು. ಜಂತು ಇದ್ದರೂ ಹೀಗೆ ಆಗುತ್ತೆ, ಮಲ ಪರೀಕ್ಷೆ ಮಾಡಿಸಿ.

ನಾಲ್ಕು ತಿಂಗಳು ಆಗೋ ತನಕ ಮೂರು ನಾಲ್ಕು ಗಂಟೆಗೊಮ್ಮೆ ಊಟ. ರಾತ್ರಿ ಹನ್ನೊಂದಕ್ಕೆ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಎದ್ದು ಕೊಡಲೇಬೇಕು. ಹಸುವಿನ ಹಾಲಷ್ಟೇ ಸಾಲದು, ಮರಿಗಳ ಆಹಾರ ನೆನೆಸಿ ಮೆತ್ತಗೆ ಮಾಡಿ ಕೊಡಿ.

ಚಿಕ್ಕ ಬಾಲ ಶಿವಮೊಗ್ಗ
ಜೇನು ಇದೆ. ಈಗಲೇ ಕೊಡ್ತೀನಿ. ಈ ಹೊತ್ತಿಗೆ ಎಲ್ಲಿಗೆ ಹೋಗ್ಲಿ?

ಸೊರಬದ ಜಗಲಿ
ಮೊದಲು ನಿಮ್ಮ ಹತ್ತಿರದ ಖಾಸಗಿ ಕ್ಲಿನಿಕ್‌ಗೆ ಫೋನ್ ಮಾಡಿ ಹೊರಡಿ. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಚಿಕಿತ್ಸಾಲಯ ಇದೆ. ಹಳ್ಳಿ ಕಡೆಯವರು ಪಶುಪಾಲನಾ ಇಲಾಖೆಯ 1962 ಸಂಖ್ಯೆ ಬರೆದಿಟ್ಕೊಳ್ಳಿ. ದಾರಿಯಲ್ಲಿ ಮರಿಯನ್ನ ಎದೆಗವಚಿ ಶಾಲು ಸುತ್ತಿಕೊಳ್ಳಿ, ಬೈಕಲ್ಲಿ ಗಾಳಿ ತಾಗದ ಹಾಗೆ.

ತೋಟದ ದಾರಿ
ಮಲೆನಾಡಲ್ಲಿ ನಡುಕ ಅಂದ ಕೂಡಲೇ ಚಳಿ ಅಂತ ಸುಮ್ಮನಾಗೋದು ನನಗೆ ಭಯ ಹುಟ್ಟಿಸೋ ವಿಷಯ. ನಮ್ಮ ಮನೆ ಸುತ್ತ ನಾಯಿಯನ್ನ ನಡುಗಿಸೋ ವಿಷ ಎಷ್ಟಿವೆ ನೋಡಿ.

ಮೊದಲನೇದು ಬಸವನಹುಳದ ಮದ್ದು. ಆಫ್ರಿಕನ್ ಬಸವನಹುಳ ತೋಟಕ್ಕೆ ಬಂದ ಮೇಲೆ ಮೆಟಾಲ್ಡಿಹೈಡ್ 2.5 ಶೇಕಡಾ ಕಾಳುಗಳನ್ನ ಅಡಿಕೆ, ಕಾಫಿ, ತರಕಾರಿ ಎಲ್ಲದಕ್ಕೂ ಎರಚ್ತಾರೆ. ಅದನ್ನ ತೌಡು ಸೇರಿಸಿಯೇ ಮಾಡಿರ್ತಾರೆ, ನಾಯಿಗೆ ಬಿಸ್ಕತ್ತಿನ ಹಾಗೆ. ತಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ನಡುಕ, ಜೊಲ್ಲು, ಆಮೇಲೆ ಇಡೀ ಮೈ ಸೆಟೆದು ಬಡಿಯುತ್ತೆ, ಸ್ನಾಯು ಬಡಿದಾಟಕ್ಕೇ ಮೈಬಿಸಿ 41-42ಕ್ಕೆ ಏರುತ್ತೆ. ಇದಕ್ಕೆ ಅಂತ ಪ್ರತಿವಿಷ ಇಲ್ಲ, ನಡುಕ ತಡೆಯೋ ಚುಚ್ಚುಮದ್ದು ಕೊಟ್ಟು ಮೈ ತಣಿಸಬೇಕು. ಇಂಥ ನಾಯಿಗೆ ಕಂಬಳಿ ಹೊದಿಸಿದರೆ ಕೊಂದ ಹಾಗೆ. ನಡುಗ್ತಿರೋ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೂ ಹೋಗಬೇಡಿ. ಪೊಟ್ಟಣ ಕೈಯಲ್ಲಿ ಹಿಡ್ಕೊಂಡು ಓಡಿ.

ತೌಡು ಬೆಲ್ಲ ಕಲಸಿ ಅದಕ್ಕೆ ಕೀಟನಾಶಕ ಸೇರಿಸಿ ಉಂಡೆ ಮಾಡಿ ಇಡೋದಂತೂ ಇನ್ನೂ ಅಪಾಯ. ಅದರ ಲಕ್ಷಣ: ಕಣ್ಣಲ್ಲಿ ನೀರು, ಜೊಲ್ಲು, ಪದೇ ಪದೇ ಉಚ್ಚೆ ಕಕ್ಕಸು, ಕಣ್ಣಪಾಪೆ ಸೂಜಿಮೊನೆಯಷ್ಟು, ಜೊತೆಗೆ ನಡುಕ. ಇದಕ್ಕೆ ಅಟ್ರೋಪಿನ್ ಇದೆ, ಬೇಗ ತಲುಪಿದರೆ ಉಳಿಯುತ್ತೆ.

ನಾಯಿ ಇರೋ ಮನೆಯವರು ಬಸವನಹುಳಕ್ಕೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಹಾಕಿಡಿ, ಬೆಳಿಗ್ಗೆ ಅಲ್ಲಿ ಸೇರಿದ್ದನ್ನ ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್‌ಗೆ. ಶ್ರಮ ಇದೆ, ಆದರೆ ನಾಯಿ ಉಳಿಯುತ್ತೆ.

ಕಾಫಿ ಕಣ ಕೊಪ್ಪ
ಕಾಫಿಯನ್ನೂ ಸೇರಿಸಿ. ರೊಬಸ್ಟಾ ಬೀಜದಲ್ಲಿ ಸುಮಾರು 2 ಶೇಕಡಾ ಕೆಫೀನ್. 10 ಗ್ರಾಂ ಪುಡಿ ಅಂದ್ರೆ 200 ಮಿ.ಗ್ರಾಂ. 3 ಕೆ.ಜಿ. ನಾಯಿಗೆ ಕೆ.ಜಿ.ಗೆ 66 ಮಿ.ಗ್ರಾಂ. ಬಿತ್ತು, ಅದು ಫಿಟ್ಸ್ ತರೋ ಮಟ್ಟ. 20 ಮಿ.ಗ್ರಾಂ.ಗೇ ಚಡಪಡಿಕೆ, ನಡುಕ ಶುರು. ಸೋಸಿದ ಚರಟದಲ್ಲೂ ಉಳಿದಿರುತ್ತೆ, ಅದನ್ನ ಗಿಡದ ಬುಡಕ್ಕೆ ಹಾಗೇ ಚೆಲ್ಲಬೇಡಿ. ಚಾಕೊಲೇಟ್‌ದೂ ಅದೇ ಜಾತಿ ವಿಷ, ಕಪ್ಪಾದಷ್ಟೂ ಜಾಸ್ತಿ.

ಶರಾವತಿ ಹಿನ್ನೀರು
ಅಡಿಕೆ ತಿಂದರೆ ಏನೂ ಆಗಲ್ಲ ತಾನೆ? ಸುಗ್ಗಿಯಲ್ಲಿ ಅಂಗಳ ತುಂಬ ಹರಡಿರುತ್ತೆ.

ತೋಟದ ದಾರಿ
ಆಗುತ್ತೆ ಅಣ್ಣ. ಅಡಿಕೆಯ ಅರೆಕೋಲಿನ್ ಅನ್ನೋದನ್ನ ಹಿಂದೆ ನಾಯಿಗಳ ಲಾಡಿಹುಳ ಹೊರಹಾಕೋಕೆ ಔಷಧವಾಗಿ ಕೊಡ್ತಿದ್ದರು. ಕರುಳನ್ನ ಹಿಂಡಿ ಭೇದಿ ಮಾಡಿಸೋ ಗುಣ ಅದರದು, ಅಳತೆ ತಪ್ಪಿದರೆ ತೊಂದರೆ ಅಂತಲೇ ಕೈಬಿಟ್ಟಿದ್ದು. ಜೊಲ್ಲು, ವಾಂತಿ, ಭೇದಿ, ನಡುಕ ಎಲ್ಲ ಬರುತ್ತೆ. ದೊಡ್ಡ ನಾಯಿ ಒಂದು ಹೋಳು ಕಚ್ಚಿ ಉಗುಳುತ್ತೆ, 3 ಕೆ.ಜಿ. ನಾಯಿಗೆ ಅದೇ ಜಾಸ್ತಿ. ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಪಾತ್ರೆಯೂ ಮುಚ್ಚಿರಲಿ.

ವರದಾ ದಂಡೆ
ಉಂಬಳಕ್ಕೆ (ಜಿಗಣೆಗೆ) ಅಂತ ಹೊಗೆಸೊಪ್ಪು ಸುಣ್ಣ ಕಲಸಿ ಕಾಲಿಗೆ ಹಚ್ಕೊಳ್ಳೋರು ಅದನ್ನೇ ನಾಯಿ ಕಾಲಿಗೂ ಹಚ್ತಾರೆ. ನಾಯಿ ಕಾಲು ನೆಕ್ಕುತ್ತೆ, ನಿಕೋಟಿನ್ ನೇರ ಹೊಟ್ಟೆಗೆ, ನಡುಕ ವಾಂತಿ ಗ್ಯಾರಂಟಿ. ತೋಟದಿಂದ ಬಂದ ಮೇಲೆ ಬೆರಳ ಸಂದಿ ನೋಡಿ, ಉಂಬಳ ಇದ್ದರೆ ಉಗುರನ್ನ ಅದರ ಬಾಯಿ ಪಕ್ಕ ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತೆ. ಮೂಗೊಳಗೆ ಹೊಕ್ಕಿದ್ದರೆ ಕೆದಕಬೇಡಿ, ಡಾಕ್ಟ್ರು ತೆಗೀಲಿ.

ಹಸಿರು ಬೇಲಿ
ಬೂಷ್ಟು ಹಿಡಿದ ರೊಟ್ಟಿ, ಬ್ರೆಡ್ಡು, ತಿಪ್ಪೆ ಅನ್ನವೂ ಅಷ್ಟೇ. ಕೆಲವು ಬೂಷ್ಟಿನ ವಿಷ ನೇರವಾಗಿ ನಡುಕ ತರೋದೇ. ನಾಯಿಗೆ ಹಾಕಿದರೆ ಆಯ್ತು ಅಂತ ಹಳಸಿದ್ದು ಹಾಕೋ ಅಭ್ಯಾಸ ಬಿಡಿ.

ಕುಂದಾದ್ರಿ ಗಾಳಿ
ಉಣುಗಿನ ಜ್ವರ? ನಮ್ಮೂರಲ್ಲಿ ನಾಯಿ ನಡುಗಿದರೆ ಮಂಗನ ಕಾಯಿಲೆ ಅಂತ ಜನ ಹೆದರಿ ದೂರ ಬಿಡ್ತಾರೆ.

ಸೊರಬದ ಜಗಲಿ
ಆ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ, ಹಾಗಾಗಿ ಹೆದರಿಕೆ ಸಹಜ. ಆದರೆ ಅದು ಮಂಗಗಳನ್ನೂ ಮನುಷ್ಯರನ್ನೂ ಕಾಡೋ ಕಾಯಿಲೆ. ನಾಯಿ ನಡುಗೋದು ಅದರ ಗುರುತಲ್ಲ. ನಾಯಿ ಕಾಡಿನ ಉಣುಗನ್ನ ಮೈಮೇಲೆ ಹೊತ್ತು ಮನೆಗೆ ತರಬಹುದು, ಎಚ್ಚರ ಅದಕ್ಕೆ. ಮಾಗಿಯಿಂದ ಬೇಸಗೆ ಮುಗಿಯೋ ತನಕ ಕಾಡಿಗೆ ಬಿಡಬೇಡಿ. ಉಣುಗು ಹತ್ತದಿರಲಿ ಅಂತ ಮನುಷ್ಯರಿಗೆ ಕೊಡೋ ಎಣ್ಣೆ ನಾಯಿಗೆ ಹಚ್ಚಬೇಡಿ, ನೆಕ್ಕುತ್ತೆ.

ನಾಲ್ಕು ಕಾಲು
ನಾಯಿಗೇ ಬರೋ ಉಣುಗಿನ ಜ್ವರ ಬೇರೆ: ಬೇಬೀಸಿಯಾ, ಎರ್ಲಿಕಿಯಾ. ಜ್ವರದ ನಡುಕ, ವಸಡು ಬಿಳಿಚಿಕೊಳ್ಳೋದು, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗೋದು, ಮೂಗಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಮದ್ದಿದೆ. ಮಳೆಗಾಲದಲ್ಲಿ ಇಲಿಜ್ವರವನ್ನೂ ನೆನಪಿಡಿ. ಇಲಿ ಉಚ್ಚೆ ಸೇರಿದ ಗದ್ದೆನೀರು, ನಿಂತ ನೀರು ಕುಡಿದರೆ ಅಥವಾ ಗಾಯಕ್ಕೆ ತಾಗಿದರೆ ಬರುತ್ತೆ: ಜ್ವರ, ಮೈನೋವಿನ ನಡುಕ, ವಾಂತಿ, ಕಣ್ಣು ಹಳದಿ. ಮನುಷ್ಯರಿಗೂ ಅಂಟುತ್ತೆ, ಅಂಥ ನಾಯಿಯ ಉಚ್ಚೆ ಕೈಗವಸಿಲ್ಲದೆ ತೊಳೀಬೇಡಿ. ಲಸಿಕೆಯಲ್ಲಿ ಇಲಿಜ್ವರದ ಭಾಗ ಇದೆಯಾ ಕೇಳಿ ಹಾಕಿಸಿ, ವರ್ಷಕ್ಕೊಮ್ಮೆ, ಮುಂಗಾರಿನ ಮೊದಲೇ.

ಉಣುಗಿನ ಮದ್ದೂ ನಡುಕ ತರಬಹುದು. ಅಮಿಟ್ರಾಜ್ ದ್ರಾವಣದಲ್ಲಿ ಚಿಹುವಾಹುವಾ ತೊಳೀಬೇಡಿ, ಅವಕ್ಕೆ ಆಗಿಬರಲ್ಲ, ಮೈ ತಣ್ಣಗಾಗಿ ಎದೆಬಡಿತ ನಿಧಾನ ಆಗುತ್ತೆ. ತಿಂಗಳಿಗೋ ಮೂರು ತಿಂಗಳಿಗೋ ಒಂದು ಅಂತ ಕೊಡೋ ಮಾತ್ರೆ ಬಹುಪಾಲು ನಾಯಿಗಳಿಗೆ ಒಳ್ಳೇದೇ, ಆದರೆ ಫಿಟ್ಸ್ ಇರೋ ನಾಯಿ ಆದರೆ ಡಾಕ್ಟ್ರಿಗೆ ಮೊದಲೇ ಹೇಳಿ. ಜ್ವರ ಅಂತ ಮನೇಲಿರೋ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮುರಿದು ಕೊಡಲೇಬೇಡಿ.

ಕುಂದಾದ್ರಿ ಗಾಳಿ
ಹಾಲೂಡಿಸೋ ಹೆಣ್ಣು ಪೊಮೆರೇನಿಯನ್ ನಡುಗೋದಕ್ಕೂ ಇವೇ ಕಾರಣನಾ? ಮರಿ ಹಾಕಿ 18 ದಿನ, ನಾಲ್ಕು ಮರಿ.

ನಾಲ್ಕು ಕಾಲು
ಮರಿಗಳನ್ನ ಈಗಲೇ ಬೇರೆ ಮಾಡಿ, ಇವತ್ತೇ ಆಸ್ಪತ್ರೆಗೆ. ಸಣ್ಣ ತಳಿಯಲ್ಲಿ ಮರಿ ಹಾಕಿದ ಎರಡು ಮೂರು ವಾರಕ್ಕೆ ಹಾಲಿನಲ್ಲಿ ಸುಣ್ಣದಂಶ ಹರಿದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತೆ. ಏದುಸಿರು, ಕಾಲು ಸೆಟೆಯೋದು, ನಡುಕ, ಮೈಬಿಸಿ ಏರೋದು. ಕ್ಯಾಲ್ಸಿಯಂ ಗ್ಲುಕೋನೇಟ್ ರಕ್ತನಾಳಕ್ಕೆ ನಿಧಾನ, ಎದೆಬಡಿತ ಕೇಳ್ತಾ ಕೊಡಬೇಕು, ಮನೇಲಿ ಆಗೋ ಕೆಲಸ ಅಲ್ಲ. ಹಾಗಂತ ಮುಂದಿನ ಸಲ ಗರ್ಭ ಇರುವಾಗಲೇ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಹೊರಗಿಂದ ಬಂದರೆ ಮೂಳೆಯಿಂದ ತೆಗೆಯೋ ಅಭ್ಯಾಸ ಮೈಗೆ ತಪ್ಪಿ ತೊಂದರೆ ಹೆಚ್ಚುತ್ತೆ.

ಕುಂದಾದ್ರಿ ಗಾಳಿ
ಹೊರಟೆ.

ವರದಾ ದಂಡೆ
ಗುಡುಗಿನ ನಡುಕವೂ ಇದೆ. ಮೇ ತಿಂಗಳ ಸಿಡಿಲು ಮಳೆ, ದೀಪಾವಳಿ ಪಟಾಕಿ. ಮೈ ಮುಟ್ಟಿದರೆ ಬಿಸಿಯೇ ಇರುತ್ತೆ, ಕಿವಿ ಹಿಂದಕ್ಕೆ, ಬಾಲ ಒಳಗೆ, ಮಂಚದಡಿ. ಸಮಾಧಾನ ಮಾಡಿದರೆ ಹೆದರಿಕೆ ರೂಢಿ ಆಗುತ್ತೆ ಅನ್ನೋದು ತಪ್ಪು. ಹೆದರಿಕೆ ಕಲಿಸಿ ಬರೋ ಚಾಳಿ ಅಲ್ಲ. ಪಕ್ಕ ಕೂರಿಸ್ಕೊಳ್ಳಿ, ಕಿಟಕಿ ಮುಚ್ಚಿ, ಫ್ಯಾನು ಅಥವಾ ರೇಡಿಯೋ ಹಾಕಿ, ಕೋಳಿ ಚೂರು ಕೊಡ್ತಾ ಇರಿ. ಮಂಚದಡಿಯಿಂದ ಎಳೀಬೇಡಿ. ತೀರಾ ಹೆದರೋ ನಾಯಿಗೆ ಹಬ್ಬಕ್ಕೆ ಮೊದಲೇ ಡಾಕ್ಟ್ರ ಹತ್ರ ಮಾತ್ರೆ ಬರೆಸ್ಕೊಳ್ಳಿ. ರಾತ್ರಿ ಅಂಗಳದಲ್ಲಿ ಕಟ್ಟಬೇಡಿ, ಕುರ್ಕನಿಗೆ (ಚಿರತೆಗೆ) ಇಷ್ಟುದ್ದ ನಾಯಿ ಒಂದು ತುತ್ತು.

ಶರಾವತಿ ಹಿನ್ನೀರು
ಫಿಟ್ಸ್‌ಗೂ ನಡುಕಕ್ಕೂ ವ್ಯತ್ಯಾಸ ಗೊತ್ತಾಗೋದು ಹೇಗೆ?

ಹಸಿರು ಬೇಲಿ
ಹೆಸರು ಹಿಡಿದು ಕರೀರಿ. ನಡುಗೋ ನಾಯಿ ತಿರುಗಿ ನೋಡುತ್ತೆ. ಫಿಟ್ಸ್ ಬಂದದ್ದು ನೋಡಲ್ಲ, ಕಾಲು ಈಜುತ್ತೆ, ಬಾಯಿ ಜಗಿಯುತ್ತೆ, ಉಚ್ಚೆ ಹೋಗುತ್ತೆ. ನಿದ್ದೆಯಲ್ಲೂ ಒಂದೇ ಲಯದಲ್ಲಿ ಒಂದೇ ಕಾಲು ಅಥವಾ ದವಡೆ ಹಾರ್ತಾ ಇದ್ದರೆ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಬಂದು ಹೋದ ಗುರುತಿರಬಹುದು. ಒಂದೆರಡು ವರ್ಷದ ನಾಯಿಗೆ ಇದ್ದಕ್ಕಿದ್ದಂತೆ ಇಡೀ ಮೈ ನಡುಕ ಹಿಡಿದು, ಮಲಗಿದರೆ ಕಡಿಮೆ, ಎದ್ದರೆ ಜಾಸ್ತಿ ಆದರೆ ಇನ್ನೊಂದು ಬಗೆ ಇದೆ. ಮಾಲ್ಟೀಸ್‌ನಂಥ ಬಿಳಿ ನಾಯಿಗಳಲ್ಲಿ ಮೊದಲು ಗುರುತಿಸಿದ್ದು, ಯಾವ ಬಣ್ಣಕ್ಕೂ ಬರಬಹುದು. ಸ್ಟೀರಾಯ್ಡ್ ಮಾತ್ರೆಗೆ ಸಾಮಾನ್ಯವಾಗಿ ಒಂದು ವಾರದೊಳಗೆ ತಗ್ಗುತ್ತೆ, ನಿಲ್ಲಿಸುವಾಗ ಡಾಕ್ಟ್ರು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ಬೆನ್ನು ಗೂನು ಮಾಡಿ ನಡುಗೋ ಡ್ಯಾಶ್‌ಹುಂಡ್ ಬೆನ್ನುಮೂಳೆ ನೋವು ಹೇಳ್ತಾ ಇದೆ, ಎತ್ತಿ ಆಡಿಸಬೇಡಿ. ಏನೇ ಇರಲಿ, ಒಂದು ನಿಮಿಷ ಮೊಬೈಲಲ್ಲಿ ವಿಡಿಯೋ ತೆಗೀರಿ. ಆಸ್ಪತ್ರೆ ಮೇಜಿನ ಮೇಲೆ ಎಲ್ಲ ಚಿಕ್ಕ ನಾಯಿಯೂ ಹೆದರಿ ನಡುಗುತ್ತೆ, ಮನೆಯ ನಡುಕ ಹೇಗಿತ್ತು ಅಂತ ಡಾಕ್ಟ್ರಿಗೆ ಅಲ್ಲಿ ಗೊತ್ತಾಗಲ್ಲ.

ಮುಂಗಾರು ತೀರ್ಥಹಳ್ಳಿ
ಹಲಗೆ ಹಾಕಿ ಮೂರು ರಾತ್ರಿ ಆಯ್ತು. ಬೆಳಿಗ್ಗೆ ಆರಕ್ಕೆ 38.3, 38.4, 38.3. ಎದ್ದ ಕೂಡಲೇ ಒಂದು ನಿಮಿಷ ಸಣ್ಣಗೆ ನಡುಗುತ್ತೆ, ಅಷ್ಟೇ. ಸ್ವೆಟರ್ ಅಳತೆ ಹೇಗೆ? ಊಟ ಅನ್ನ ಮಜ್ಜಿಗೆ ಮಾತ್ರ ಕೊಡ್ತಿದ್ದೆವು, ಸಾಲಲ್ವಾ?

ನಾಲ್ಕು ಕಾಲು
ಅನ್ನ ಮಜ್ಜಿಗೆಯಲ್ಲಿ ಪ್ರೋಟೀನೂ ಕೊಬ್ಬೂ ಸಾಲದು. ಬೇಯಿಸಿದ ಮೊಟ್ಟೆ ಅರ್ಧ, ಕೋಳಿ ಅಥವಾ ಮುಳ್ಳು ತೆಗೆದ ಮೀನು ಒಂದು ಹಿಡಿ, ಈರುಳ್ಳಿ ಬೆಳ್ಳುಳ್ಳಿ ಮಸಾಲೆ ಇಲ್ಲದೆ. ದಿನಕ್ಕೆ ಒಟ್ಟು 250 ಕಿಲೊಕ್ಯಾಲರಿ ಆಸುಪಾಸು, ಮೂರು ಹೊತ್ತಿಗೆ ಹಂಚಿ, ಕೊನೇದು ಮಲಗೋ ಮುಂಚೆ. ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ವರದಾ ದಂಡೆ
ಸ್ವೆಟರ್‌ಗೆ ಮೂರು ಅಳತೆ: ಕುತ್ತಿಗೆ ಪಟ್ಟಿ ಕೂರೋ ಜಾಗದಿಂದ ಬಾಲದ ಬುಡ, ಮುಂಗಾಲ ಹಿಂದೆ ಎದೆ ಸುತ್ತಳತೆ, ಕುತ್ತಿಗೆ ಸುತ್ತಳತೆ. ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ತೂರಬೇಕು. ಗಂಡು ನಾಯಿ ಆದ್ದರಿಂದ ಹೊಟ್ಟೆಯಡಿ ಗಿಡ್ಡ ಇರಲಿ, ಇಲ್ಲದಿದ್ದರೆ ಉಚ್ಚೆಗೆ ನೆನೆಯುತ್ತೆ. ಹೊರಗೆ ಹೋಗುವಾಗ ಸ್ವೆಟರ್ ಬೇಡ, ನೀರು ಹಿಡಿಯದ ಮಳೆ ಅಂಗಿ ಹಾಕಿ, ಬಂದ ಕೂಡಲೇ ತೆಗೀರಿ. ಒದ್ದೆ ಸ್ವೆಟರ್ ಬರಿಮೈಗಿಂತ ಕೆಟ್ಟದ್ದು. ದಿನಕ್ಕೆರಡು ಸಲ ಬಿಚ್ಚಿ ಕಂಕುಳಲ್ಲಿ ಉಜ್ಜಿದ ಕೆಂಪು ಇದೆಯಾ ನೋಡಿ.

ಸೊರಬದ ಜಗಲಿ
ಒಂದಲ್ಲ, ಮೂರು ಹೊಲಿಸಿ. ಆಷಾಢದಲ್ಲಿ ಒಗೆದದ್ದು ಒಣಗೋಕೆ ಮೂರು ದಿನ. ಬಚ್ಚಲ ಒಲೆ ಮೇಲೆ ಬಿದಿರಿನ ಗಳಕ್ಕೆ ಹಾಕಿ, ಹೊಗೆ ವಾಸನೆ ಬಂದರೂ ಚಿಂತಿಲ್ಲ, ಪೂರ್ತಿ ಒಣಗಿರಬೇಕು.

ಚಿಕ್ಕ ಬಾಲ ಶಿವಮೊಗ್ಗ
ಮರಿದು ಸಕ್ಕರೆ 48 ಇತ್ತು. ಡ್ರಿಪ್ ಹಾಕಿದರು, ಮಲದಲ್ಲಿ ಜಂತಿನ ಮೊಟ್ಟೆಯೂ ಸಿಕ್ತು. ಈಗ ಆಟ ಆಡ್ತಾ ಇದೆ. ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೀನಿ.